ಎರವಿನ ಒಡವೆ

2018ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯವು ಕ್ಯಾಥೊಲಿಕ್ ಕಲ್ಪನೆಯಿಂದ ಸ್ಫೂರ್ತಿ ಪಡೆದ ಫ್ಯಾಷನ್ ಉಡುಪುಗಳ ಪ್ರದರ್ಶನವನ್ನು ಏರ್ಪಡಿಸಿತ್ತು. ವ್ಯಾಟಿಕನ್ನೇ ಸುಮಾರು 40 ವಸ್ತುಗಳನ್ನು ಎರವಲು ಕೊಟ್ಟಿತ್ತು. ಅವನ್ನು ಬೇರೆಯಾಗಿಯೇ ಇರಿಸಿದ್ದರು. ಆ ಅಂತರ ಉಚಿತವೆಂದೇ ನನ್ನ ಮತ. ಚಿನ್ನದ ಕಸೂತಿ ಎರಡರಲ್ಲೂ ಉಂಟು. ಬೆಡಗನ್ನೇ ದೂರುವುದು ಸಲ್ಲದು. ಆದರೆ ಪೋಪರ ಪೂಜಾವಸ್ತ್ರದಲ್ಲಿ ಅಲಂಕಾರವು ಅರ್ಥಕ್ಕೆ ಅಧೀನ. ಫ್ಯಾಷನ್ನಿನಲ್ಲಿ ಅರ್ಥವೇ ಅಲಂಕಾರಕ್ಕೆ ಅಧೀನ. ರೋಮನ್ನರ ಕಾಲದಲ್ಲಿ ಶಿಲುಬೆ ಗುಲಾಮರನ್ನೂ ದಂಗೆಕೋರರನ್ನೂ ಕೊಲ್ಲುವ ಸಾಧನವಾಗಿತ್ತು. ಅದನ್ನು ಪೂಜ್ಯವಾಗಿಸಿದ್ದು ಭಕ್ತರ ನಂಬಿಕೆ. ಪ್ರದರ್ಶನದ ಔತಣಕ್ಕೆ ಗಾಯಕಿ ರಿಹಾನ್ನಾ ಬಿಷಪ್ಪರ ಕಿರೀಟದಂಥ ಶಿರೋಭೂಷಣ ಧರಿಸಿ ಬಂದಾಗ ನೋಡಿದವರು ಬೆರಗಾದದ್ದೂ ಆ ನಂಬಿಕೆ ಇನ್ನೂ ಜೀವಂತವಾಗಿರುವುದರಿಂದಲೇ. ನಂಬುವವರೇ ಇಲ್ಲವಾದರೆ ಶಿಲುಬೆ ಬರಿಯ ಎರಡು ಗೆರೆ. ಎರವಿನ ಒಡವೆ ತೊಟ್ಟವರು ಒಡೆಯರನ್ನು ಮರೆಯಬಾರದು.