ಮರದಚ್ಚಿನಲ್ಲಿ ರೋಮಿನ ಹೆಂಗಸರು

ಪಾಳೆಯಗಾರರು ಆಳಿದ ಹಾಗಲವಾಡಿ ಸೀಮೆಯವರಿಗೆ ಚಿತ್ರದಲ್ಲೇ ಕಥೆ ಓದುವುದು ಹೊಸದಲ್ಲ. ವೀರಗಲ್ಲು ನೋಡಿದ್ದೇವೆ: ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಕೈಲಾಸ. ಈ ಅಭ್ಯಾಸದ ಕಣ್ಣಿಗೆ 1473ರಲ್ಲಿ ಜರ್ಮನಿಯ ಉಲ್ಮ್ ಪಟ್ಟಣದಲ್ಲಿ ಯೋಹಾನ್ ಜೈನರ್ ಅಚ್ಚು ಹಾಕಿದ ಪುಸ್ತಕವೊಂದು ತಕ್ಷಣ ಒಲಿಯುತ್ತದೆ. ಇಟಲಿಯ ಬೊಕ್ಕಾಚಿಯೊ ಲ್ಯಾಟಿನ್ನಿನಲ್ಲಿ ಬರೆದ 106 ಹೆಸರಾಂತ ಹೆಂಗಸರ ಚರಿತ್ರೆ ಅದು.

ಅದರ ಚಿತ್ರಗಳೆಲ್ಲ ಮರದಚ್ಚು. ಗೆರೆಯನ್ನು ಉಬ್ಬಾಗಿ ಉಳಿಸಿ ಉಳಿದ ಮರವನ್ನು ಕೆತ್ತಿ ತೆಗೆಯಬೇಕು; ಉಳಿ ಜಾರಿದರೆ ಆ ಗೆರೆ ಹೋದಂತೆಯೇ. ನೆರಳಿನ ಗೀಟುಗಳು ಕಡಿಮೆ, ಕೆಲವು ಪ್ರತಿಗಳಲ್ಲಿ ಆಮೇಲೆ ಕೈಯಿಂದ ಬಣ್ಣ ತುಂಬಿದ್ದಾರೆ. ರೋಮಿನ ಹೆಂಗಸರು ತೊಟ್ಟಿರುವುದು ಕಲಾವಿದನ ಕಾಲದ ಜರ್ಮನ್ ಉಡುಪು. ಇದನ್ನು ತಪ್ಪೆನ್ನಲಾರೆ, ದೂರದ ಪುರಾಣ ಅವನ ಬೀದಿಗೆ ಬಂದದ್ದೇ ಹಾಗೆ.

ಈ ಹೆಂಗಸರಲ್ಲಿ ಒಬ್ಬಳಾದ, ತನ್ನನ್ನು ತಾನೇ ಇರಿದುಕೊಂಡ ಲುಕ್ರೇಷಿಯಾಳ ಕಥೆಯನ್ನು ಯೂರೋಪಿನ ಕಲಾವಿದರು ಮತ್ತೆ ಮತ್ತೆ ಚಿತ್ರಿಸಿದರು. ಬಳೆ ತೊಟ್ಟ ತೋಳನ್ನು ಎತ್ತಿ ತೋರುವ ನಮ್ಮ ಮಾಸ್ತಿಗಲ್ಲುಗಳಂತೆ, ಅಲ್ಲೂ ಹೆಣ್ಣಿನ ಸಾವಿಗೇ ಹೆಚ್ಚು ಗೌರವ. ಅದು ನನ್ನನ್ನು ನೋಯಿಸುತ್ತದೆ.

ಅದಕ್ಕೇ ಅದೇ ಪುಸ್ತಕದ ಕ್ಲೋಯೆಲಿಯಾ ನನಗೆ ಅಚ್ಚುಮೆಚ್ಚು. ಶತ್ರು ರಾಜ ಪೋರ್ಸೆನನ ಬಳಿ ಒತ್ತೆಯಾಗಿದ್ದ ಹುಡುಗಿ ಕಾವಲು ತಪ್ಪಿಸಿ, ಜೊತೆಯವರನ್ನೂ ಕರೆದುಕೊಂಡು ಟೈಬರ್ ನದಿ ದಾಟಿದಳು. ಈಜಿ ದಾಟಿದಳೆಂದು ರೋಮಿನ ಇತಿಹಾಸಕಾರ ಲಿವಿ ಬರೆದರೆ, ಬೊಕ್ಕಾಚಿಯೊ ಅವಳನ್ನು ಕುದುರೆ ಹತ್ತಿಸುತ್ತಾನೆ. ರೋಮನ್ನರು ಒಪ್ಪಂದದಂತೆ ಅವಳನ್ನು ಹಿಂದಕ್ಕೆ ಕಳಿಸಿದಾಗ ಪೋರ್ಸೆನ ದಂಡಿಸಲಿಲ್ಲ. ಮೆಚ್ಚಿ ಬಿಡುಗಡೆ ಮಾಡಿದ. ರೋಮನ್ನರು ಅವಳಿಗೆ ಕುದುರೆ ಸವಾರಿಯ ಪ್ರತಿಮೆಯನ್ನೇ ನಿಲ್ಲಿಸಿದರು.