ಕಾಯುವುದೂ ಒಂದು ಪಟ್ಟು

ಹಾದಿಬದಿಯ ಖಾನಾವಳಿಗೆ ತೆಳ್ಳನೆಯ ಯುವಕನೊಬ್ಬ ಬಂದು ಕೂರುತ್ತಾನೆ. ಸುತ್ತಲಿನ ಮೇಜುಗಳಲ್ಲೆಲ್ಲ ಡಕಾಯಿತರು. ಯಾರಿಗೂ ಅವಸರವಿಲ್ಲ. ಒಬ್ಬ ಮಾತಿನಲ್ಲಿ ಕೆಣಕುತ್ತಾನೆ, ಇನ್ನೊಬ್ಬ ಕೈಗೆ ಸಿಕ್ಕಿದ್ದನ್ನು ಎಸೆದು ಪರೀಕ್ಷಿಸುತ್ತಾನೆ. ಯುವಕ ಕೂತಲ್ಲಿಂದಲೇ ಉತ್ತರ ಕೊಡುತ್ತಾನೆ. ಕತ್ತಿ ಹೊರಬರುವ ಹೊತ್ತಿಗೆ ನೋಡುವವರು ಎಷ್ಟೋ ಸಲ ಉಸಿರು ಬಿಗಿಹಿಡಿದಿರುತ್ತಾರೆ.

ಅವನು ಅವನಲ್ಲ, ಅವಳು. ಹೆಸರು ಗೋಲ್ಡನ್ ಸ್ವಾಲೋ, ಅಂದರೆ ಚಿನ್ನದ ಅಂಬರಗುಬ್ಬಿ. ಡಕಾಯಿತರು ಒತ್ತೆ ಇಟ್ಟುಕೊಂಡಿರುವ ಅಣ್ಣನನ್ನು ಬಿಡಿಸಲು ಬಂದವಳು.

ಚಿತ್ರ 1966ರ ‘ಕಮ್ ಡ್ರಿಂಕ್ ವಿತ್ ಮಿ’. ಹಾಂಗ್‌ಕಾಂಗ್‌ನ ಷಾ ಬ್ರದರ್ಸ್ ಸ್ಟುಡಿಯೊಗಾಗಿ ನಿರ್ದೇಶಿಸಿದವರು ಕಿಂಗ್ ಹು. ಬರಿಗೈ ಕಾಳಗದ ಕುಂಗ್ ಫು ಚಿತ್ರಗಳ ಅಲೆ ಏಳುವ ಮುನ್ನ ಬಂದ ಕತ್ತಿವರಸೆಯ ಚಿತ್ರವಿದು. ಇದರ ನಾಯಕಿ ಚೆಂಗ್ ಪೇ-ಪೇ, ಶಾಂಘೈನಲ್ಲಿ 1946ರಲ್ಲಿ ಹುಟ್ಟಿ ಬ್ಯಾಲೆ ಕಲಿತಿದ್ದ ಹುಡುಗಿ. ಕುಸ್ತಿಯ ಗರಡಿಯಿಂದ ಬಂದವಳಲ್ಲ ಎಂಬುದೇ ಚಿತ್ರಕ್ಕೆ ದಕ್ಕಿದ ಭಾಗ್ಯ. ಕಿಂಗ್ ಹು ಅವರಿಗೆ ಕಾಳಗವೆಂದರೆ ಕುಣಿತವೇ. ಅದರ ಲಯ ಪೀಕಿಂಗ್ ಆಪೆರಾದ್ದು. ಹೊಡೆದಾಟ ಸಂಯೋಜಿಸಿದ ಹಾನ್ ಯಿಂಗ್‌ಜಿಯೆ ಕೂಡ ಅದೇ ರಂಗಭೂಮಿಯಲ್ಲಿ ಪಳಗಿದವರು. ಹಾಗಾಗಿ ಇಲ್ಲಿ ಏಟಿಗಿಂತ ಏಟಿನ ಹಿಂದಿನ ನಿಲುವಿಗೆ ತೂಕ ಹೆಚ್ಚು. ಚೆಂಗ್ ಕಣ್ಣನ್ನಷ್ಟೇ ಹೊರಳಿಸುತ್ತಾರೆ. ಇಡೀ ಕೋಣೆ ಬಿಗಿಯಾಗುತ್ತದೆ. ಆಮೇಲೆ ಎರಡು ಗಿಡ್ಡ ಕತ್ತಿಗಳು ಮಿಂಚುತ್ತವೆ, ದೇಹ ಒಂದೇ ಸುತ್ತಿನಲ್ಲಿ ತಿರುಗಿ ಮತ್ತೆ ನಿಶ್ಚಲ.

ಕೊರತೆಯೂ ಇದೆ. ವಿಷದ ಬಾಣ ತಗುಲಿದ ಮೇಲೆ ಅವಳು ಹಿಂದೆ ಸರಿಯುತ್ತಾಳೆ, ಯುಯೆ ಹುವಾ ನಟಿಸಿದ ಕುಡುಕ ಭಿಕ್ಷುಕನೇ ಮುಂದೆ ಬರುತ್ತಾನೆ. ಅವನು ಒಳ್ಳೆಯ ಪಾತ್ರವೇ. ಆದರೆ ಮೊದಲರ್ಧ ಕಟ್ಟಿದ ಕುತೂಹಲವೆಲ್ಲ ಅವಳದು. ಕೊನೆಯ ದೊಡ್ಡ ಕಾಳಗ ಅವನಿಗೆ ಹೋದದ್ದು ಅನ್ಯಾಯ.

ಕಿಂಗ್ ಹು ಆಮೇಲೆ ತೈವಾನ್‌ಗೆ ಹೋಗಿ ‘ಡ್ರ್ಯಾಗನ್ ಇನ್’, ‘ಎ ಟಚ್ ಆಫ್ ಝೆನ್’ ಮಾಡಿದರು. ಎರಡನೆಯದಕ್ಕೆ 1975ರ ಕಾನ್ ಉತ್ಸವದಲ್ಲಿ ತಾಂತ್ರಿಕ ಪ್ರಶಸ್ತಿ ಬಂತು.

ಚೆಂಗ್ ಅವರನ್ನು ಹೊಸ ತಲೆಮಾರು ಕಂಡದ್ದು 2000ದಲ್ಲಿ, ಆಂಗ್ ಲೀ ಅವರ ‘ಕ್ರೌಚಿಂಗ್ ಟೈಗರ್, ಹಿಡನ್ ಡ್ರ್ಯಾಗನ್’ನ ಖಳನಾಯಕಿ ಜೇಡ್ ಫಾಕ್ಸ್ ಆಗಿ. ಅದೇ ಚಿತ್ರದಲ್ಲಿ ಗಂಡುಡುಗೆ ತೊಟ್ಟ ಜಾಂಗ್ ಜಿಯಿ ಖಾನಾವಳಿಯೊಂದನ್ನು ಪುಡಿಗಟ್ಟುವ ದೃಶ್ಯವಿದೆ. ಹಳೆಯ ಚಿತ್ರ ನೋಡಿದವರು ಆ ಮೇಜು ಬೆಂಚುಗಳನ್ನು ಥಟ್ಟನೆ ಗುರುತು ಹಿಡಿಯುತ್ತಾರೆ. ಇಲ್ಲಿ ಮಾತ್ರ ಹುಡುಗಿಗೆ ಕಾಯುವ ತಾಳ್ಮೆಯಿಲ್ಲ.