ಕನಸು ಬರೆದಿಟ್ಟ ದೊರೆ

ದೊರೆಗಳು ದಂಡಯಾತ್ರೆಯ ಕಥೆ ಬರೆಸುತ್ತಾರೆ, ದಾನಶಾಸನ ಕೆತ್ತಿಸುತ್ತಾರೆ. ಬಿದ್ದ ಕನಸನ್ನು ಕೈಯಾರೆ ಬರೆದು, ಯಾರ ಕಣ್ಣಿಗೂ ಬೀಳದಂತೆ ಇಟ್ಟುಕೊಂಡ ದೊರೆ ನಮ್ಮ ಕಡೆ ಒಬ್ಬನೇ ಇರಬೇಕು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಅರಮನೆಯನ್ನು ಜಾಲಾಡಿದ ಇಂಗ್ಲಿಷರಿಗೆ ಟಿಪ್ಪು ಸುಲ್ತಾನನ ಮಲಗುವ ಕೋಣೆಯಲ್ಲಿ ಒಂದು ಪುಸ್ತಕ ಸಿಕ್ಕಿತು. ಫಾರಸಿಯಲ್ಲಿ ಬರೆದ ಮೂವತ್ತೇಳು ಕನಸುಗಳು. ಮರುವರ್ಷವೇ ಅದು ಲಂಡನ್ನಿಗೆ ಹೋಯಿತು, ಇಂದಿಗೂ ಅಲ್ಲೇ ಇದೆ. ಗಿರೀಶ ಕಾರ್ನಾಡರ ‘ಟಿಪ್ಪುವಿನ ಕನಸುಗಳು’ ಹುಟ್ಟಿದ್ದು ಆ ಪುಸ್ತಕದಿಂದ. ಸ್ವಾತಂತ್ರ್ಯದ ಐವತ್ತನೆಯ ವರ್ಷಕ್ಕೆಂದು ಬಿಬಿಸಿ ರೇಡಿಯೋದವರು ಕೇಳಿ ಬರೆಸಿದ ನಾಟಕ ಅದು.

ನಮ್ಮಲ್ಲಿ ಬಹಳ ಮಂದಿ ಟಿಪ್ಪುವನ್ನು ಮೊದಲು ನೋಡಿದ್ದು ಪುಸ್ತಕದಲ್ಲಲ್ಲ, 1990ರ ದೂರದರ್ಶನದ ಧಾರಾವಾಹಿಯಲ್ಲಿ. ಭಗವಾನ್ ಗಿದ್ವಾನಿಯವರ ಕಾದಂಬರಿ, ಸಂಜಯ್ ಖಾನ್ ಅವರ ಖಡ್ಗ. ಇದು ಕಲ್ಪಿತ ಕಥೆ, ಟಿಪ್ಪುವಿನ ಜೀವನಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಮೊದಲೇ ತೋರಿಸುತ್ತಿದ್ದರು. ಆ ಮಾತನ್ನು ಓದಿ ಮುಗಿಸಿದವರು ಯಾರೋ ಕಾಣೆ! ಕಾರ್ನಾಡರು ಖಡ್ಗವನ್ನು ಬದಿಗಿಟ್ಟು ನಿದ್ದೆಯನ್ನು ಹಿಡಿದರು. ಅದೇ ದೊಡ್ಡ ಜಾಣತನ.

ಇನ್ನೊಂದು ಜಾಣತನ ಕಿರ್ಮಾನಿಯನ್ನು ಕರೆತಂದದ್ದು. ಹೈದರಾಲಿ ಮತ್ತು ಟಿಪ್ಪುವಿನ ಚರಿತ್ರೆಯನ್ನು ಫಾರಸಿಯಲ್ಲಿ ಬರೆದ ಮೀರ್ ಹುಸೇನ್ ಅಲಿ ಖಾನ್ ಕಿರ್ಮಾನಿ, ಊರೂರಿನ ಬಖೈರು-ಕೈಫಿಯತ್ತು ಕೂಡಿಹಾಕಿದ ಕಾಲಿನ್ ಮೆಕೆಂಜಿ, ಇವರಿಬ್ಬರ ಮಾತುಕತೆಯಲ್ಲಿ ಕಥೆ ಬಿಚ್ಚಿಕೊಳ್ಳುತ್ತದೆ. ದೊರೆಯ ಉಪ್ಪು ತಿಂದವನು ಈಗ ದೊರೆಯನ್ನು ಕೊಂದವರ ಕೂಲಿಗೆ ಅವನ ಕಥೆ ಬರೆಯಬೇಕು. ಒಬ್ಬ ಅರಸನ ಏಳುಬೀಳನ್ನು ಉಳಿದವರು ಯಾರ ಅನ್ನ ತಿಂದು ಹೇಳುತ್ತಾರೆ ಎಂಬ ಪ್ರಶ್ನೆ ನಾಟಕದ ಉದ್ದಕ್ಕೂ ಮುಳ್ಳಿನ ಹಾಗೆ ಚುಚ್ಚುತ್ತದೆ. 1792ರಲ್ಲಿ ಅರ್ಧ ರಾಜ್ಯ, ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ, ಅದು ಸಾಲದೆಂದು ಇಬ್ಬರು ಗಂಡುಮಕ್ಕಳನ್ನೂ ಒತ್ತೆಯಾಗಿ ಕೊಟ್ಟ ಭಾಗವಂತೂ ತಾಯಂದಿರು ಒಂದೇ ಉಸಿರಿಗೆ ಓದುವಂಥದ್ದಲ್ಲ.

ಆದರೆ ಒಂದು ಕನಸಿನ ಹತ್ತಿರ ನಾನು ನಿಂತುಬಿಟ್ಟೆ. 1786ರ ಹೊತ್ತಿನದು, ಮರಾಠರ ಮೇಲೆ ಕಾದಾಡುತ್ತಿದ್ದ ಕಾಲ. ಚೆಲುವನಾದ ಅಪರಿಚಿತ ಹುಡುಗನೊಬ್ಬ ಬಂದು ಪಕ್ಕದಲ್ಲಿ ಕೂರುತ್ತಾನೆ. ಸುಲ್ತಾನ ಹೆಣ್ಣಿನೊಡನೆ ಮಾತಾಡುವಂತೆ ಅವನೊಡನೆ ಸಲಿಗೆಯ ಮಾತಾಡುತ್ತಾನೆ, ಇದು ತನ್ನ ಪದ್ಧತಿಯಲ್ಲವಲ್ಲ ಎಂದು ಒಳಗೇ ಅಳುಕುತ್ತಾನೆ. ಹುಡುಗ ಎದ್ದು ನಾಲ್ಕು ಹೆಜ್ಜೆ ಹೋಗಿ ತಿರುಗಿ ಬಂದು ಪೇಟದಡಿಯ ಕೂದಲು ಬಿಚ್ಚಿ, ಅಂಗಿಯ ಕಸೆ ಸಡಿಲಿಸಿದರೆ ಹೆಣ್ಣು! ಸುಲ್ತಾನ ಬರೆದುಕೊಂಡ ಅರ್ಥ ಇಷ್ಟೇ: ಮರಾಠರು ಗಂಡಸರ ಬಟ್ಟೆ ತೊಟ್ಟ ಹೆಂಗಸರು, ಓಡಿಹೋಗುತ್ತಾರೆ.

ಕಾರ್ನಾಡರು ಈ ಕನಸನ್ನು ನಾಟಕಕ್ಕೆ ತಂದಿದ್ದಾರೆ. ತಂದು, ಸುಲ್ತಾನನ ಅರ್ಥವನ್ನೇ ಉಳಿಸಿಕೊಂಡು ಮುಂದೆ ಹೋಗಿದ್ದಾರೆ. ನನ್ನ ತಕರಾರು ಅಲ್ಲಿ. ಹೆಣ್ಣೆಂದರೆ ಓಡುವವಳು ಎಂಬುದು ಆ ಕಾಲದ ಮಾತು, ಸರಿ. ಆದರೆ ಅದೇ ಕೋಟೆಯೊಳಗೆ, ಅದೇ ಹೊತ್ತಿನಲ್ಲಿ, ಒಬ್ಬ ಹೆಂಗಸು ಓಡದೆ ಕೂತಿದ್ದಳು. ಇಮ್ಮಡಿ ಕೃಷ್ಣರಾಜ ಒಡೆಯರ ವಿಧವೆ ಲಕ್ಷ್ಮಮ್ಮಣ್ಣಿ. ಹೈದರನ ಕಾಲದಿಂದಲೂ ಪ್ರಧಾನ ತಿರುಮಲರಾಯರ ಮೂಲಕ ಇಂಗ್ಲಿಷರ ಜೊತೆ ಗುಟ್ಟಾಗಿ ಪತ್ರವ್ಯವಹಾರ ನಡೆಸಿ, 1782ರಲ್ಲೇ ಅವರ ಜೊತೆ ಒಪ್ಪಂದ ಮಾಡಿಸಿ, ಕೊನೆಗೆ 1799ರ ಜೂನ್ 30ರಂದು ಐದು ವರ್ಷದ ಮೊಮ್ಮಗನನ್ನು ಮೈಸೂರಿನ ಗದ್ದುಗೆಯ ಮೇಲೆ ಕೂರಿಸಿದಳು. ಪರದೇಶದವರನ್ನು ಮನೆಗೆ ಕರೆದದ್ದು ಸರಿಯೋ ತಪ್ಪೋ, ಅದು ಬೇರೆ ಜಗಳ. ಕೊನೆಯವರೆಗೂ ಸುಲ್ತಾನ ಮರಾಠರನ್ನು, ನಿಜಾಮನನ್ನು, ಇಂಗ್ಲಿಷರನ್ನು ಎಣಿಸುತ್ತಿದ್ದ. ಅಂತಃಪುರದ ಶತ್ರು ಲೆಕ್ಕಕ್ಕೆ ಬರಲಿಲ್ಲ.

ಹೆಂಗಸರೆಂದು ಅವನು ನಕ್ಕ ಮರಾಠರೂ ಓಡಿಹೋಗಿ ಸುಮ್ಮನಾಗಲಿಲ್ಲ. 1791ರ ಮೇ ತಿಂಗಳಲ್ಲಿ ಕನ್ನಂಬಾಡಿಯ ಬಳಿ ಎತ್ತುಗಳು ಸತ್ತು, ದೊಡ್ಡ ತೋಪುಗಳನ್ನು ಹಾಳುಮಾಡಿ ಹಿಂದಿರುಗುತ್ತಿದ್ದ ಕಾರ್ನ್‌ವಾಲೀಸನಿಗೆ ಮೇಲುಕೋಟೆಯ ಸೀಮೆಯಲ್ಲಿ ಎದುರಾಗಿ ಅಕ್ಕಿ-ಬೇಳೆ ಒದಗಿಸಿದವರು ಅವರೇ. ಆ ಯುದ್ಧದಲ್ಲಿ ನಾಗಮಂಗಲದ ಅರಮನೆಯನ್ನು ಕೆಡವಿ ಸುತ್ತಲ ತೋಟದ ಮರಗಳನ್ನು ಅವರು ಕಡಿಸಿಹಾಕಿದರೆಂದು ಹಳೆಯ ಗೆಜೆಟಿಯರ್ ಹೇಳುತ್ತದೆ. ತೆಂಗಿನ ಮರವೊಂದು ಫಲಕ್ಕೆ ಬರಲು ಎಷ್ಟು ವರ್ಷ ನೀರು ಹೊರಬೇಕೆಂಬುದು ನಮ್ಮ ಕಡೆಯ ಹೆಂಗಸರಿಗೆ ಗೊತ್ತು. ಅರಸನ ಏಳುಬೀಳಿನ ನಾಟಕದಲ್ಲಿ ಈ ಮರಗಳಿಗೆ ಪಾತ್ರವಿಲ್ಲ. ಕೋಟೆ ಬಿದ್ದ ದಿನ ಜನಾನದಲ್ಲಿದ್ದ ಸುಮಾರು ಆರುನೂರು ಹೆಂಗಸರ ಪೈಕಿ ಹೆಚ್ಚಿನವರ ಹೆಸರೂ ನಮಗೆ ತಿಳಿಯದು. ಅವರಲ್ಲಿ ಬಹಳಷ್ಟು ಮಂದಿಯನ್ನು ವೆಲ್ಲೂರಿಗೆ ಸಾಗಿಸಿದರು.

2022ರಲ್ಲಿ ಇನ್ನೊಂದು ನಾಟಕ ಬಂತು, ಮೈಸೂರು ರಂಗಾಯಣದಿಂದ. ಅಡ್ಡಂಡ ಕಾರ್ಯಪ್ಪನವರ ‘ಟಿಪ್ಪು ನಿಜ ಕನಸುಗಳು’. ಹೆಸರಿನಲ್ಲೇ ಕಾರ್ನಾಡರಿಗೆ ಎದುರುತ್ತರ. ಟಿಪ್ಪುವನ್ನು ಕೊಂದವರು ಇಂಗ್ಲಿಷರಲ್ಲ, ಉರಿಗೌಡ-ನಂಜೇಗೌಡರೆಂಬ ನಮ್ಮ ಸೀಮೆಯ ಒಕ್ಕಲಿಗರು ಎನ್ನುತ್ತದೆ. ಮರುವರ್ಷ ಮಂಡ್ಯದಲ್ಲಿ ಸ್ವಾಗತದ ಕಮಾನಿಗೆ ಆ ಹೆಸರು ಏರಿತು, ಇಳಿಯಿತು. ಸಿನಿಮಾ ಮಾಡಹೊರಟವರನ್ನು ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿ ಮಠದ ಸ್ವಾಮಿಗಳು ಕರೆಸಿ, ಆಧಾರವಿಲ್ಲದ್ದನ್ನು ಬೆಳೆಸಬೇಡಿ ಎಂದರು. ಸಿನಿಮಾ ನಿಂತಿತು. ಮೇಲುಕೋಟೆಯ ಮಂಡ್ಯಂ ಅಯ್ಯಂಗಾರ್ ಮನೆಗಳಲ್ಲಿ ನರಕಚತುರ್ದಶಿ ಮಾಡದಿರುವ ನೋವಿನ ನೆನಪಿದೆ, ಅದೇ ಬೆಟ್ಟದ ಗುಡಿಯಲ್ಲಿ ಟಿಪ್ಪು ಕೊಟ್ಟ ನಗಾರಿಯೂ ಇದೆ. ಎರಡನ್ನೂ ಒಂದೇ ರಂಗದ ಮೇಲೆ ಇಡಬಲ್ಲ ನಾಟಕ ಬೇಕಾಗಿತ್ತು. ಬಂದದ್ದು, ಇಲ್ಲದ ಇಬ್ಬರನ್ನು ಹುಟ್ಟಿಸಿ ಇದ್ದ ಲಕ್ಷ್ಮಮ್ಮಣ್ಣಿಯ ಮೂವತ್ತು-ನಲವತ್ತು ವರ್ಷದ ಕೆಲಸವನ್ನು ಮಸುಕು ಮಾಡುವ ನಾಟಕ. ಕಾರ್ನಾಡರು ಬಿಟ್ಟದ್ದು ಇದೆ, ಹುಟ್ಟಿಸಿದ್ದು ಇಲ್ಲ. ಎರಡಕ್ಕೂ ಬಹಳ ಅಂತರ.

ರಾತ್ರಿಯ ಕನಸುಗಳಿಗಿಂತ ಟಿಪ್ಪುವಿನ ಹಗಲಿನ ಕನಸುಗಳು ನನಗೆ ಹೆಚ್ಚು ರುಚಿ. 1786ರ ಒಂದು ಪತ್ರವಿದೆ. ಬುರ್ಹಾನುದ್ದೀನ್ ಮತ್ತು ಕಸ್ತೂರಿ ರಂಗ ಎಂಬಿಬ್ಬರು ಬಂಗಾಳದಿಂದ ರೇಷ್ಮೆಹುಳು ತರುತ್ತಿದ್ದಾರೆ, ಅವನ್ನು ಎಂಥ ಜಾಗದಲ್ಲಿ ಇಟ್ಟರೆ ಒಳ್ಳೆಯದೆಂದು ವಿಚಾರಿಸಿಕೊಂಡು ವ್ಯವಸ್ಥೆ ಮಾಡಿ ಎಂದು ಪಟ್ಟಣದ ಕಿಲ್ಲೇದಾರನಿಗೆ ಬರೆಸಿದ್ದು. ಕೆ.ಆರ್. ಪೇಟೆಯ ಕಡೆ ನಮ್ಮ ಅತ್ತೆ ಹುಳು ಸಾಕುತ್ತಿದ್ದರು. ನಾಲ್ಕನೇ ಜ್ವರ ಎದ್ದ ಹುಳು ಸೊಪ್ಪು ಮೇಯುವ ಸದ್ದು ಮಳೆ ಹುಯ್ದ ಹಾಗಿರುತ್ತಿತ್ತು. ಹುಳು ಹಣ್ಣಾಗಿ ಚಂದ್ರಿಕೆಗೆ ಬಿಡುವವರೆಗೆ ಮನೆಯ ಹೆಂಗಸರಿಗೆ ನಿದ್ದೆಯಿಲ್ಲ, ಇನ್ನು ಕನಸೆಲ್ಲಿಂದ? ಕನ್ನಂಬಾಡಿಯ ಫಾರಸಿ ಶಾಸನವೂ ಅಂಥದ್ದೇ. 1794ರಲ್ಲಿ ಕಾವೇರಿಗೆ ಕಟ್ಟೆ ಹಾಕಿಸಲು ಹೊರಟು, ಈ ನೀರಿನಲ್ಲಿ ಹೊಸದಾಗಿ ಸಾಗುವಳಿ ಮಾಡುವವರಿಗೆ ಕಂದಾಯದಲ್ಲಿ ಕಾಲುಭಾಗ ಬಿಡುವುದಾಗಿ ಕೆತ್ತಿಸಿದ. ಕಟ್ಟೆ ಮುಗಿಯಲಿಲ್ಲ. ಮುಂದೆ ಕೃಷ್ಣರಾಜಸಾಗರ ಕಟ್ಟುವಾಗ ಆ ಕಲ್ಲು ಸಿಕ್ಕಿತು. ಗುಟ್ಟಾಗಿಟ್ಟ ಕನಸು ಲಂಡನ್ನಿನಲ್ಲಿ, ಎಲ್ಲರಿಗೂ ಕಾಣಲೆಂದು ಬರೆಸಿದ ಕನಸು ಇಲ್ಲೇ ಅಣೆಕಟ್ಟೆಯ ಬಾಗಿಲಲ್ಲಿ.

ಇಷ್ಟೆಲ್ಲ ತಕರಾರಿದ್ದರೂ ಕಾರ್ನಾಡರ ನಾಟಕವನ್ನು ತರಿಸಿ ಓದಿ. ರೇಡಿಯೋಗೆಂದು ಬರೆದದ್ದಾದ್ದರಿಂದ ಮಧ್ಯಾಹ್ನ ನಾಲ್ಕು ಜನ ಕೂತು ಪಾತ್ರ ಹಂಚಿಕೊಂಡು ಗಟ್ಟಿಯಾಗಿ ಓದಲು ಚೆನ್ನಾಗಿ ಒಗ್ಗುತ್ತದೆ. ಕಿರ್ಮಾನಿಯ ಮಾತುಗಳನ್ನು ಮಾತ್ರ ಅವಸರ ಮಾಡದವರಿಗೆ ಕೊಡಿ.